ಕಪಾಟಿನ ಸೀಡಿ ಜೇಬಿಗೆ ಬಂದ ದಾರಿ

ಆಟಿ ತಿಂಗಳ ಒಂದು ಮಧ್ಯಾಹ್ನ ಉಡುಪಿಯಲ್ಲಿ ದೊಡ್ಡಮ್ಮನ ಕಪಾಟನ್ನು ಖಾಲಿ ಮಾಡುತ್ತಿದ್ದಾಗ ಬಿಸ್ಕತ್ತಿನ ತಗಡಿನ ಡಬ್ಬವೊಂದರಲ್ಲಿ ಹದಿನೇಳು ಬಿಲ್ಲೆಗಳು ಸಿಕ್ಕಿದವು. ಎರಡು ಸಿನಿಮಾ, ಐದು ಮದುವೆ, ಒಂದು ಗೃಹಪ್ರವೇಶ, ಉಳಿದವೆಲ್ಲ ಯಕ್ಷಗಾನ. ಕೆಲವು ವಿಸಿಡಿ, ಅಂದರೆ ವಿಡಿಯೊ ಸೀಡಿ, ಕೆಲವು ಡಿವಿಡಿ. ದೊಡ್ಡಮ್ಮನಿಗೆ ಎಲ್ಲವೂ ಸೀಡಿಯೇ. ಒಂದೆರಡರ ಹೊಳೆಯುವ ಬದಿಯಲ್ಲಿ ಬೂಷ್ಟು ಜರೀಗಿಡದ ಎಲೆಯ ಹಾಗೆ ಕವಲೊಡೆದು ಹರಡಿತ್ತು. ಶಾರ್ಜಾದಲ್ಲಿರುವ ತಂಗಿಗೆ ಫೋಟೊ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: ‘ಆ ಮೂರು ಸೀಡಿಯ ಯಕ್ಷಗಾನದ ಆಟ ಇದೆಯಲ್ಲ, ಅಪ್ಪ ಮಳೆಗಾಲದಲ್ಲಿ ಹಾಕುತ್ತಿದ್ದದ್ದು, ಅದನ್ನು ನನ್ನ ಫೋನಿಗೆ ಹಾಕಿ ಕಳಿಸು ಅಣ್ಣ.’

ಅವಳಿಗೆ ಅದು ಒಂದು ಸಾಲಿನ ಮಾತು. ನನಗೆ ಮಾತ್ರ ಬಿಲ್ಲೆ ಓದುವ ಯಂತ್ರವನ್ನು ಹುಡುಕಲು ಮೂರು ದಿನ ಬೇಕಾಯಿತು. ಮನೆಯ ಯಾವ ಲ್ಯಾಪ್‌ಟಾಪಿಗೂ ಡ್ರೈವ್ ಇಲ್ಲ. ಪ್ಲೇಯರ್ ಗುಜರಿಗೆ ಹೋಗಿ ವರ್ಷಗಳಾಗಿವೆ. ಕೊನೆಗೆ ಮಂಗಳೂರಿನ ಸ್ನೇಹಿತನ ಅಟ್ಟದಲ್ಲಿದ್ದ ಹಳೆಯ ಕಂಪ್ಯೂಟರ್ ಕೈಹಿಡಿಯಿತು. ಅದರ ಮುಂದೆ ಕೂತ ನಾಲ್ಕು ಸಂಜೆಗಳಲ್ಲಿ, ಸೀಡಿಯಿಂದ ಜೇಬಿಗೆ ಚಿತ್ರ ಬಂದ ಈ ಇಪ್ಪತ್ತೈದು ಮೂವತ್ತು ವರ್ಷಗಳ ಕಥೆ ಮತ್ತೆ ನೆನಪಾಯಿತು.

ಕಥೆ ಶುರುವಾಗುವುದು ವಿಸಿಡಿಯಿಂದ. 1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಕಂಪನಿಗಳು ಸೇರಿ ಅದರ ಮಾನದಂಡವನ್ನು ರೂಪಿಸಿದವು. ಹಾಡಿನ ಸೀಡಿಯಷ್ಟೇ ದೊಡ್ಡ ಬಿಲ್ಲೆಯಲ್ಲಿ 74 ನಿಮಿಷದ ಚಿತ್ರ. ಅಗಲ 352 ಚುಕ್ಕಿ (ಪಿಕ್ಸೆಲ್), ಎತ್ತರ 288 ಚುಕ್ಕಿ. ಅಮೆರಿಕದವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ, ಏಷ್ಯಾ ಅಪ್ಪಿಕೊಂಡಿತು. ಬೆಲೆ ಒಂದು ಕಾರಣ, ಹವೆ ಇನ್ನೊಂದು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ವಿಡಿಯೊ ಕ್ಯಾಸೆಟ್ಟಿನ ರೀಲಿಗೆ ಬಿಳಿ ಬೂಷ್ಟು ಹಿಡಿಯುವುದು, ಅದನ್ನು ಹಾಕಿದ ವಿಸಿಆರ್‌ನ ಹೆಡ್ ಕೊಳಕಾಗುವುದು, ಸ್ಪಿರಿಟ್ ಹಚ್ಚಿ ಉಜ್ಜುವುದು ಪ್ರತಿ ಮಳೆಗಾಲದ ಕೆಲಸವಾಗಿತ್ತು. ಬಿಲ್ಲೆಯನ್ನಾದರೆ ಲುಂಗಿಯ ಅಂಚಿನಲ್ಲಿ ಒರೆಸಿದರೆ ಮುಗಿಯಿತು ಎಂದು ನಂಬಿದೆವು. ಆ ನಂಬಿಕೆಯ ಗೀರುಗಳು ಈಗಲೂ ಆ ಬಿಲ್ಲೆಗಳ ಮೇಲಿವೆ.

ನಮ್ಮ ಸಿನಿಮಾ ಎರಡೂವರೆ ಗಂಟೆಯದು, ಬಿಲ್ಲೆ 74 ನಿಮಿಷದ್ದು. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ಸೀಡಿ. ಮನೆಯಲ್ಲಿ ಮಧ್ಯಂತರ ಎಲ್ಲಿ ಬರಬೇಕೆಂಬುದು ನಿರ್ದೇಶಕನ ಕೈಯಲ್ಲಿರಲಿಲ್ಲ. ನಾಯಕ ಬಾಗಿಲು ತೆರೆಯುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು, ಯಾರಾದರೂ ಎದ್ದು ಹೋಗಿ ಸೀಡಿ ಬದಲಿಸಬೇಕಿತ್ತು.

ವಿಸಿಡಿಗೆ ಬೀಗ ಇರಲಿಲ್ಲ. ಕಂಪ್ಯೂಟರಿನಲ್ಲಿ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್, ಅದರೊಳಗೆ ‘ಎವಿಸೀಕ್01.ಡ್ಯಾಟ್’ ಎಂಬ ದೊಡ್ಡ ಫೈಲ್. ಅದನ್ನು ಕಾಪಿ ಮಾಡಿ ಬಾಲದ ‘ಡ್ಯಾಟ್’ ಅನ್ನು ‘ಎಂಪಿಜಿ’ ಎಂದು ಬದಲಿಸಿದರೆ ಹೆಚ್ಚಿನ ಪ್ಲೇಯರ್‌ಗಳಲ್ಲಿ ಓಡುತ್ತಿತ್ತು. 2000ದ ಹೊತ್ತಿಗೆ ಸೈಬರ್ ಕೆಫೆಯ ಹುಡುಗರು ಗುರುಮಂತ್ರದಂತೆ ಕಿವಿಯಲ್ಲಿ ಹೇಳುತ್ತಿದ್ದ ವಿದ್ಯೆ ಇಷ್ಟೇ. ಆದರೆ ಕಾಪಿ ಆಗುವುದೇ ಕಷ್ಟವಾಗಿತ್ತು. ಸಾಮಾನ್ಯ ಸೀಡಿಯಲ್ಲಿ ಸೆಕ್ಟರ್ ಎಂಬ ಪ್ರತಿ ತುಂಡಿನಲ್ಲಿ 2,048 ಬೈಟ್ ಮಾಹಿತಿ ಇದ್ದು, ಗೀರು ಬಿದ್ದರೆ ತಿದ್ದಿಕೊಳ್ಳಲು ಬೇಕಾದ ಲೆಕ್ಕ ಬೇರೆ ಇರುತ್ತದೆ. ವಿಸಿಡಿ ರೂಪಿಸಿದವರು ಆ ತಿದ್ದುಪಡಿಯ ಜಾಗವನ್ನೂ ಚಿತ್ರಕ್ಕೇ ಕೊಟ್ಟು ಸೆಕ್ಟರಿಗೆ 2,324 ಬೈಟ್ ತುಂಬಿದರು. ಒಂದು ಚುಕ್ಕಿ ಕೆಟ್ಟರೆ ಟಿವಿಯಲ್ಲಿ ಕ್ಷಣಕಾಲ ಚೌಕುಳಿ ಕಾಣಿಸಿ ಮುಂದೆ ಹೋಗಲಿ ಎಂಬುದು ಅವರ ಎಣಿಕೆ. ಪ್ಲೇಯರ್ ಅದನ್ನು ಒಪ್ಪಿಕೊಂಡಿತು, ಕಂಪ್ಯೂಟರ್ ಒಪ್ಪಲಿಲ್ಲ. ತೊಂಬತ್ತು ಪ್ರತಿಶತ ಕಾಪಿ ಆದಮೇಲೆ ‘ಓದಲಾಗುತ್ತಿಲ್ಲ’ ಎಂದು ಎಲ್ಲವನ್ನೂ ಕೈಬಿಡುವ ಅದರ ಹಟವನ್ನು ಆ ಕಾಲದವರು ಮರೆತಿರಲಾರರು.

ಡಿವಿಡಿ ಬಂದದ್ದು 1996ರ ನವೆಂಬರಿನಲ್ಲಿ ಜಪಾನಿಗೆ, ಮರುವರ್ಷ ಮಾರ್ಚಿನಲ್ಲಿ ಅಮೆರಿಕಕ್ಕೆ. ಒಂದು ಪದರದಲ್ಲಿ 4.7 ಜಿಬಿ, ಎರಡು ಪದರದಲ್ಲಿ 8.5 ಜಿಬಿ. ವಿಸಿಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳು, ಮಧ್ಯೆ ಏಳುವ ಕೆಲಸವಿಲ್ಲ. ಆದರೆ ಹಾಲಿವುಡ್ಡಿನವರು ಅದಕ್ಕೆ ಎರಡು ಬೀಗ ಜಡಿದಿದ್ದರು. ಮೊದಲನೆಯದು ಸಿಎಸ್ಎಸ್ ಎಂಬ ಗೂಢಲಿಪಿ. ಫೈಲನ್ನು ಕಾಪಿ ಮಾಡಿದರೂ ಬೀಗದ ಕೈ ಇಲ್ಲದ ಪ್ಲೇಯರಿನಲ್ಲಿ ಬಣ್ಣದ ಕಲಸುಮೇಲೋಗರವಷ್ಟೇ ಕಾಣುತ್ತಿತ್ತು. ಎರಡನೆಯದು ಪ್ರಾಂತ್ಯದ ಸಂಖ್ಯೆ. ಜಗತ್ತನ್ನು ಹಂಚಿ ಒಂದೊಂದು ತುಂಡಿಗೆ ಒಂದೊಂದು ಸಂಖ್ಯೆ ಕೊಟ್ಟರು. ಭಾರತಕ್ಕೆ 5, ದುಬೈ, ಶಾರ್ಜಾ ಇರುವ ಪಶ್ಚಿಮ ಏಷ್ಯಾಕ್ಕೆ 2.

ಈ ಎರಡನೆಯ ಬೀಗ ನಮ್ಮೂರಿಗೆ ತಟ್ಟಿದಷ್ಟು ಬೇರೆ ಕಡೆ ತಟ್ಟಿರಲಿಕ್ಕಿಲ್ಲ. ಉಡುಪಿ, ಮಂಗಳೂರಿನ ಕೇರಿಕೇರಿಯಲ್ಲೂ ಗಲ್ಫಿನಲ್ಲಿ ದುಡಿಯುವವರಿದ್ದಾರೆ. ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಟ್ಯಾಂಗ್, ಅತ್ತರಿನ ಜತೆಗೆ ಇಂಗ್ಲಿಷ್ ಸಿನಿಮಾದ ಡಿವಿಡಿಯೂ ಬರುತ್ತಿತ್ತು. ದುಡ್ಡು ಕೊಟ್ಟು, ಬಿಲ್ಲು ಪಡೆದು ತಂದ ಅಸಲಿ ಮಾಲು. ಊರಿನ ಟಿವಿಯ ಮುಂದೆ ಹಾಕಿದರೆ ‘ಪ್ರಾಂತ್ಯ ಸರಿಯಿಲ್ಲ’ ಎಂಬ ಬರಹ. ರಸ್ತೆಬದಿಯಲ್ಲಿ ಕೊಂಡ ನಕಲಿ ಬಿಲ್ಲೆ ಮಾತ್ರ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಪ್ರಾಮಾಣಿಕನಿಗೇ ದಂಡ ಹಾಕುವ ಇಂಥ ವ್ಯವಸ್ಥೆಯನ್ನು ಕಂಡುಹಿಡಿದವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಕಂಪ್ಯೂಟರಿನ ಡ್ರೈವಿನಲ್ಲಿ ಪ್ರಾಂತ್ಯವನ್ನು ಬದಲಿಸಬಹುದಿತ್ತು, ಆದರೆ ಐದೇ ಸಲ. ಆಮೇಲೆ ಅದು ಕೊನೆಯ ಆಯ್ಕೆಗೇ ಅಂಟಿಕೊಂಡು ಕೂರುತ್ತಿತ್ತು. ಗಲ್ಫಿನ ಬಾವ, ಅಮೆರಿಕದ ಅತ್ತೆ ಇಬ್ಬರೂ ಇದ್ದ ಮನೆಗೆ ಐದು ಎಷ್ಟು ದಿನಕ್ಕೆ ಸಾಕು?

ಮೊದಲ ಬೀಗ ಮುರಿದದ್ದು 1999ರಲ್ಲಿ. ನಾರ್ವೆಯ ಹದಿನೈದರ ಹುಡುಗ ಯೋನ್ ಲೆಕ್ ಯೋಹಾನ್ಸನ್, ಹೆಸರು ಹೇಳದ ಇನ್ನಿಬ್ಬರ ಜತೆ ಸೇರಿ ಮಾಡಿದ ‘ಡಿಸಿಎಸ್ಎಸ್’ ಎಂಬ ಪುಟ್ಟ ತಂತ್ರಾಂಶ ಅಂತರ್ಜಾಲಕ್ಕೆ ಬಂತು. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿವಿಡಿ ನೋಡುವ ದಾರಿ ಆಗ ಇರಲಿಲ್ಲ ಎಂಬುದು ಅವನ ಸಮರ್ಥನೆ. ಅವನ ಮೇಲೆ ಮೊಕದ್ದಮೆ ಹೂಡಿದರು. ತಾನು ಕೊಂಡ ಬಿಲ್ಲೆಯನ್ನು ತನಗೆ ಬೇಕಾದ ಯಂತ್ರದಲ್ಲಿ ನೋಡುವುದು ಅಪರಾಧವಲ್ಲ ಎಂದು 2003ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ ಅವನನ್ನು ಬಿಟ್ಟಿತು, ಅದೇ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಎತ್ತಿಹಿಡಿಯಿತು. ಆ ಬೀಗದ ಕೈಯ ಉದ್ದ ಬರೀ 40 ಬಿಟ್. ಅದನ್ನು ಲೆಕ್ಕ ಹಾಕಿಯೇ ತೆಗೆಯುವ ದಾರಿಗಳು ಬೇಗನೆ ಸಿಕ್ಕಿದವು. ಪ್ಯಾರಿಸ್‌ನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ವಿಎಲ್‌ಸಿ ಪ್ಲೇಯರ್ ಇಂದಿಗೂ ಆ ಬಗೆಯ ವಿಧಾನದಿಂದಲೇ ಡಿವಿಡಿ ಓದುತ್ತದೆ.

ಬೀಗ ಹೋದರೂ ಗಾತ್ರ ಉಳಿಯಿತು. 4.7 ಜಿಬಿಯನ್ನು ಎಲ್ಲಿ ಇಡುವುದು? ಆಗ ಒಂದು ಖಾಲಿ ಸೀಡಿಯಲ್ಲಿ ಹಿಡಿಯುತ್ತಿದ್ದದ್ದು 700 ಎಂಬಿ. ಆ ಅಳತೆಗೆ ಸಿನಿಮಾವನ್ನು ಅದುಮಿ ಕೂರಿಸಿದ್ದು ಡಿವ್‌ಎಕ್ಸ್. ಮೈಕ್ರೋಸಾಫ್ಟ್‌ನ ಒಂದು ಸಂಕೋಚನ ತಂತ್ರವನ್ನು ಜೆರೋಮ್ ರೋಟಾ ಎಂಬ ಫ್ರೆಂಚ್ ಯುವಕ ಬಿಚ್ಚಿ ತಿದ್ದಿದ್ದರಿಂದ ಹುಟ್ಟಿದ್ದು. ಆಮೇಲೆ ಎಕ್ಸ್‌ವಿಡ್ ಬಂತು. 2003ರಲ್ಲಿ ಎಚ್.264 ಎಂಬ ಮಾನದಂಡ ಬಂದಮೇಲೆ ಉಳಿದವು ಹಿಂದೆ ಬಿದ್ದವು.

ಈ ಅದುಮುವಿಕೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೆಕೆಂಡಿಗೆ 25 ಚಿತ್ರಗಳಿರುತ್ತವೆ. ಎಲ್ಲವನ್ನೂ ಇಡಿಯಾಗಿ ಬರೆಯುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತಾರೆ. ರಾಜವೇಷ ಸಿಂಹಾಸನದಲ್ಲಿ ಕೂತು ಅರ್ಥ ಹೇಳುವಾಗ ಹಿಂದಿನ ಪರದೆ, ರಂಗಸ್ಥಳದ ಕಂಬ, ಕೂತ ಭಾಗವತರು ಯಾವುದೂ ಕದಲುವುದಿಲ್ಲ. ಅಲುಗಾಡುವುದು ತುಟಿ ಮತ್ತು ಕೈ. ತಂತ್ರಾಂಶಕ್ಕೆ ಹಬ್ಬ, ನಿಮಿಷಗಟ್ಟಲೆ ದೃಶ್ಯ ಚಿಟಿಕೆಯಷ್ಟು ಜಾಗದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಚೆಂಡೆ ಏರುತ್ತದೆ, ತೆಂಕುತಿಟ್ಟಿನ ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ, ರಂಗಕ್ಕೆ ನುಗ್ಗಿ ಗಿರಗಿರನೆ ಸುತ್ತುವ ಧಿಗಿಣ ಹಾರಲು ತೊಡಗುತ್ತದೆ. ಈಗ ಪ್ರತಿ ಚಿತ್ರದಲ್ಲೂ ಕಿರೀಟದ ಪ್ರತಿ ಮಿನುಗೂ ಬೇರೆ ಜಾಗದಲ್ಲಿ. ಬರೆಯಬೇಕಾದದ್ದು ಒಮ್ಮೆಲೇ ಬೆಟ್ಟದಷ್ಟು, ಕೊಟ್ಟ ಜಾಗ ಅಷ್ಟೇ. ಹೀಗಾಗಿ ಧಿಗಿಣದ ಹೊತ್ತಿಗೇ ಚಿತ್ರ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತದೆ. ನೋಡುಗ ಕಾದು ಕೂತದ್ದೇ ಆ ಹೊತ್ತಿಗೆ ಎನ್ನುವುದು ಯಂತ್ರಕ್ಕೇನು ಗೊತ್ತು!

ಇನ್ನೊಂದು ಕಾಟವಿತ್ತು. ಹಳೆಯ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರ್ಧಗಳಾಗಿ ಹಿಡಿಯುತ್ತಿದ್ದವು: ಮೊದಲು ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಹಳೆಯ ಟಿವಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡನ್ನೂ ಸೇರಿಸಿ ಒಂದೇ ಚಿತ್ರವಾಗಿ ತೋರಿಸಿದಾಗ, ನಡುವೆ ಕದಲಿದ ಕೈಯ ಅಂಚು ಬಾಚಣಿಗೆಯ ಹಲ್ಲಾಗುತ್ತದೆ. ಪರಿವರ್ತಿಸುವಾಗ ‘ಡಿಇಂಟರ್‌ಲೇಸ್’ ಎಂಬ ಗುಂಡಿ ಒತ್ತದೇ ಇದ್ದ ಮದುವೆ ವಿಡಿಯೊಗಳಲ್ಲಿ ಧಾರೆ ಎರೆಯುವ ಕೈಗಳೆಲ್ಲ ಹಲ್ಲು ಕಿರಿಯುತ್ತವೆ.

ಜೇಬಿನ ಯಂತ್ರಗಳ ಕಾಲ ಶುರುವಾದದ್ದು ಈ ಹೊತ್ತಿಗೆ. 2004ರ ಕೊನೆಗೆ ಸೋನಿಯ ವಿಡಿಯೊ ಗೇಮ್ ಯಂತ್ರ ಪಿಎಸ್‌ಪಿ, ಅದರ ಪರದೆ 480 ಚುಕ್ಕಿ ಅಗಲ, 272 ಎತ್ತರ. 2005ರ ಅಕ್ಟೋಬರಿನಲ್ಲಿ ವಿಡಿಯೊ ತೋರಿಸುವ ಐಪಾಡ್, ಎರಡೂವರೆ ಇಂಚಿನ ಪರದೆ, 320ಕ್ಕೆ 240. ಒಂದೊಂದಕ್ಕೂ ಒಂದೊಂದು ಅಳತೆ, ಒಂದೊಂದು ಬಗೆಯ ಫೈಲ್. ಎಲ್ಲದಕ್ಕೂ ಹೊಲಿದು ಕೊಡುವ ದರ್ಜಿಯಂತೆ ಜನಪ್ರಿಯವಾದ ಹ್ಯಾಂಡ್‌ಬ್ರೇಕ್ ತಂತ್ರಾಂಶವನ್ನು ಎರಿಕ್ ಪೆಟಿ 2003ರಲ್ಲಿ ಬಿಓಎಸ್ ಎಂಬ, ಈಗ ಯಾರೂ ನೆನೆಯದ ವ್ಯವಸ್ಥೆಗಾಗಿ ಬರೆದದ್ದು. ಅದರ 1.0 ಆವೃತ್ತಿ ಹೊರಬಂದದ್ದು 2016ರ ಡಿಸೆಂಬರಿನಲ್ಲಿ, ಹದಿಮೂರು ವರ್ಷಗಳ ಬಳಿಕ. ಇದನ್ನು ಓದಿದಾಗ ಅರ್ಧಕ್ಕೆ ನಿಂತ ನನ್ನ ಎಷ್ಟೋ ಕೆಲಸಗಳ ಬಗ್ಗೆ ಸಮಾಧಾನವಾಯಿತು.

ನಮ್ಮಲ್ಲಿ ಐಪಾಡ್ ಕಂಡವರು ಕಡಿಮೆ. ಇಲ್ಲಿ ಸಿನಿಮಾವನ್ನು ಜೇಬಿಗೆ ತಂದದ್ದು ನೋಕಿಯಾ ಫೋನು ಮತ್ತು ಅದರೊಳಗಿನ ಉಗುರಿನಷ್ಟು ಮೆಮೊರಿ ಕಾರ್ಡು. ಆ ಫೋನುಗಳ ಭಾಷೆ 3ಜಿಪಿ. 176ಕ್ಕೆ 144 ಚುಕ್ಕಿಯ ಚಿತ್ರ, ಅಂದರೆ ವಿಸಿಡಿಯ ಕಾಲುಭಾಗ. ಸದ್ದಿಗೆ ಬಳಸಿದ್ದು ಫೋನಿನಲ್ಲಿ ಮಾತಾಡಲೆಂದೇ ರೂಪಿಸಿದ ಎಎಂಆರ್. ಅದಕ್ಕೆ ಮನುಷ್ಯರ ಮಾತು ಗೊತ್ತು, ಚೆಂಡೆ ಗೊತ್ತಿಲ್ಲ. 3ಜಿಪಿ ಮಾಡಿದ ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಮಳೆಹನಿ ತಗಡಿನ ಮೇಲೆ ಬಿದ್ದಂತೆ ಕೇಳುತ್ತಿತ್ತು, ಜಾಗಟೆ ಕೇಳುತ್ತಲೇ ಇರಲಿಲ್ಲ. ಆದರೂ ನೋಡಿದೆವು. ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು ನಿಂತಾಗ, ಮುಂಬೈಗೆ ಹೋಗುವ ರೈಲು ಕೊಂಕಣದ ಸುರಂಗದಿಂದ ಸುರಂಗಕ್ಕೆ ನುಗ್ಗುವಾಗ ಸಿಗ್ನಲ್ಲಿನ ಹಂಗಿಲ್ಲದೆ ಓಡುತ್ತಿದ್ದದ್ದು ಅದೊಂದೇ. ಕೊಂಕಣ ರೈಲ್ವೆಯ ಸುಮಾರು 740 ಕಿಲೋಮೀಟರ್ ಹಾದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ, ಕರ್ಬುಡೆಯದ್ದೊಂದೇ ಆರೂವರೆ ಕಿಲೋಮೀಟರ್.

ಮನೆಯಲ್ಲಿ ಪರಿವರ್ತಿಸುವವರಿಗೆ ಅದು ತಪಸ್ಸು. ಎರಡು ಗಂಟೆಯ ಸಿನಿಮಾಕ್ಕೆ ಪೆಂಟಿಯಮ್ ಕಂಪ್ಯೂಟರ್ ಇಡೀ ರಾತ್ರಿ ಗುರುಗುಟ್ಟುತ್ತಿತ್ತು. ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿ, ಬೆಳಗ್ಗೆ ನಾಲ್ಕಕ್ಕೆ ಗುಡುಗಿಗೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಅಷ್ಟು ತಾಳ್ಮೆ ಇಲ್ಲದವರು ಬಸ್ ನಿಲ್ದಾಣದ ಸುತ್ತಲಿನ ಮೊಬೈಲ್ ಅಂಗಡಿಗೆ ಹೋದರು. ಮಂಗಳೂರಿನ ಸ್ಟೇಟ್‌ಬ್ಯಾಂಕಿನ ಆಸುಪಾಸಾಗಲಿ, ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಬಳಿಯಾಗಲಿ, ರೀಚಾರ್ಜಿನ ಜತೆಗೆ ಕಾರ್ಡಿಗೆ ಹಾಡು, ಪಿಕ್ಚರ್ ಹಾಕಿಕೊಡುವ ಅಂಗಡಿಗಳಿಗೆ ಬರವಿರಲಿಲ್ಲ. ಕಾರ್ಡು ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ತುಂಬಿರುತ್ತಿತ್ತು. ಯಾರ ಬಿಲ್ಲೆ, ಯಾರ ಹಕ್ಕು ಎಂದು ಕೇಳಿದವರಿಲ್ಲ.

ಕಾನೂನು ಕೇಳುತ್ತಿತ್ತು. ಕರ್ನಾಟಕದಲ್ಲಿ ‘ಗೂಂಡಾ ಕಾಯ್ದೆ’ ಎಂದು ಕರೆಯುವ 1985ರ ಕಾಯ್ದೆಯ ಆ ದಿನಗಳ ಉದ್ದನೆಯ ಹೆಸರನ್ನು ಪೂರ್ತಿ ಓದಿದರೆ ಕಳ್ಳಭಟ್ಟಿಯವರು, ಮಾದಕವಸ್ತುವಿನವರು, ಜೂಜುಕೋರರು, ಗೂಂಡಾಗಳು, ಕೊಳಚೆ ಪ್ರದೇಶ ಕಬಳಿಸುವವರು ಎಲ್ಲರೂ ಆದಮೇಲೆ ಪಂಕ್ತಿಯ ಕೊನೆಯ ಎಲೆಯಲ್ಲಿ ವಿಡಿಯೊ, ಆಡಿಯೊ ನಕಲುಕೋರರು ಕೂತಿದ್ದರು. ಹಣಕ್ಕಾಗಿ ಪರರ ಸಿನಿಮಾ ತುಂಬಿ ಕೊಡುವುದು ಕಳ್ಳತನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನದೇ ಬಿಲ್ಲೆಯನ್ನು ನನ್ನದೇ ಫೋನಿಗೆ ಹಾಕಿಕೊಳ್ಳುವುದು? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿನ ನ್ಯಾಯಯುತ ಬಳಕೆಯನ್ನು ಉಲ್ಲಂಘನೆಯಲ್ಲ ಎನ್ನುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಜೈಲು ಎಂದಿತು. ಆದರೆ ಹಕ್ಕಿಗೆ ಧಕ್ಕೆ ತರುವ ಉದ್ದೇಶದಿಂದ ಮುರಿದರೆ ಮಾತ್ರ ಎಂಬ ಷರತ್ತನ್ನೂ, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಇದು ಅಡ್ಡಿಯಲ್ಲ ಎಂಬ ಮಾತನ್ನೂ ಜತೆಗೇ ಬರೆಯಿತು. ನಾನು ವಕೀಲನಲ್ಲ. ಆದರೆ ಇದನ್ನು ಬರೆದವರ ಮನೆಯಲ್ಲೂ ಬೇರೆ ಪ್ರಾಂತ್ಯದ ಒಂದು ಡಿವಿಡಿ ಇದ್ದಿರಬೇಕು ಎಂದು ನನ್ನ ಗುಮಾನಿ.

ನಕಲಿಗೆ ನಿಜವಾದ ಪೆಟ್ಟು ಕೊಟ್ಟದ್ದು ಪೊಲೀಸರಿಗಿಂತ ಹೆಚ್ಚಾಗಿ ಬೆಲೆ. 2007ರಲ್ಲಿ ಮೋಸರ್ ಬೇಯರ್ ಕಂಪನಿ ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ತರಕಾರಿಗೆಂದು ಹೋದವರು ಸಿನಿಮಾ ತಂದರು. ಆ ಸಡಗರ ಹೆಚ್ಚು ಕಾಲ ಉಳಿಯಲಿಲ್ಲ, ಕಂಪನಿಯೂ 2018ರಲ್ಲಿ ಮುಚ್ಚುವ ಆದೇಶ ಕಂಡಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಸೆಪ್ಟೆಂಬರಿನಲ್ಲಿ ಜಿಯೊ ಬಂದಮೇಲೆ ಕಾರ್ಡು ತುಂಬುವ ಅಂಗಡಿಗಳು ಫೋನಿನ ಗಾಜು ಅಂಟಿಸುವ ಅಂಗಡಿಗಳಾದವು. ಡಬ್ಬದಲ್ಲಿದ್ದ ಎರಡು ಸಿನಿಮಾಗಳನ್ನು ನಾನು ಪರಿವರ್ತಿಸಲೇ ಇಲ್ಲ. ಎರಡೂ ಫೋನಿನಲ್ಲೇ, ಬಿಲ್ಲೆಗಿಂತ ಸ್ವಚ್ಛವಾಗಿ ಸಿಗುತ್ತವೆ.

ಉಳಿದ ಹದಿನೈದು ಎಲ್ಲೂ ಸಿಗುವುದಿಲ್ಲ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ಆಟವಿಲ್ಲ. ಆ ತಿಂಗಳುಗಳಿಗೆಂದೇ ಜನ ಯಕ್ಷಗಾನದ ಸೀಡಿ ಕೊಳ್ಳುತ್ತಿದ್ದರು. ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಕತ್ತರಿಸಿ ಮಾಡಿದ ಆ ಮುದ್ರಣಗಳಲ್ಲಿ ಎಷ್ಟರದೋ ಭಾಗವತರೂ ಈಗ ಇಲ್ಲ, ವೇಷಧಾರಿಗಳೂ ಇಲ್ಲ, ಮಾಡಿಸಿದವರ ಅಂಗಡಿಯೂ ಇಲ್ಲ. ಜಾನಪದ ರಂಗಕಲೆಗಳನ್ನು ದಾಖಲಿಸುವ ಕೆಲಸವನ್ನು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕು.ಶಿ. ಹರಿದಾಸ ಭಟ್ಟರ ಕಾಲದಲ್ಲೇ ಆರಂಭಿಸಿತ್ತು. ಆದರೆ ದೊಡ್ಡಮ್ಮನ ಬಿಸ್ಕತ್ತಿನ ಡಬ್ಬ ಯಾವ ಕೇಂದ್ರದ ಪಟ್ಟಿಯಲ್ಲೂ ಇರುವುದಿಲ್ಲ.

ಬೂಷ್ಟನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ತಿರುಗಿಸಬಾರದು. ಮಾಹಿತಿ ಬರೆದ ಹಾದಿ ಗುಂಡಗಿರುವುದರಿಂದ ಅದೇ ದಿಕ್ಕಿನ ಗೀರು ಒಂದೇ ಕಡೆ ಉದ್ದಕ್ಕೆ ಕೆಡಿಸುತ್ತದೆ. ಇದನ್ನು ಇಪ್ಪತ್ತು ವರ್ಷ ಮೊದಲೇ ಯಾರಾದರೂ ಹೇಳಬಾರದಿತ್ತೆ? ಸೀಡಿಯಲ್ಲಿ ಮಾಹಿತಿಯ ಪದರವಿರುವುದು ಹೊಳೆಯುವ ಬದಿಯಲ್ಲಲ್ಲ, ಹೆಸರು ಬರೆದ ಬದಿಗೆ ಹತ್ತಿರ, ತೆಳುವಾದ ಮೆರುಗೆಣ್ಣೆಯ ಕೆಳಗೆ. ನಾವು ಜೋಪಾನ ಮಾಡಿದ್ದು ತಪ್ಪು ಬದಿಯನ್ನು. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಹೋಳುಗಳ ನಡುವೆ ಇರುವುದರಿಂದ ಸ್ವಲ್ಪ ಕ್ಷೇಮ. ಮದುವೆ ಡಿವಿಡಿಗಳ ಮೇಲೆ ವಧೂವರರ ಫೋಟೊದ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ತೇವಕ್ಕೆ ಒಂದು ಸ್ಟಿಕ್ಕರ್ ಉಬ್ಬಿ, ಬಿಲ್ಲೆ ಡ್ರೈವಿನೊಳಗೆ ಗಾಣದಂತೆ ಕಿರುಗುಟ್ಟಿತು. ಮನೆಯ ವಿಡಿಯೊಗಳಿಗೆ ಬೀಗವಿಲ್ಲ, ಕೆಲಸ ನೇರ. ಮೊದಲು ಬಿಲ್ಲೆಯ ಪೂರ್ತಿ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಂಡು, ಅದರಿಂದ ಫೋನಿನ ಪ್ರತಿ ತೆಗೆದೆ. ಹ್ಯಾಂಡ್‌ಬ್ರೇಕಿನಲ್ಲಿ ಗುಣಮಟ್ಟದ ಸಂಖ್ಯೆಯನ್ನು 20ಕ್ಕೆ ಇಟ್ಟು, ಡಿಇಂಟರ್‌ಲೇಸ್ ಒತ್ತಿದೆ. ಒಂದೊಂದಕ್ಕೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ತನ್ನ ಪಾಲಿಗೆ ಇನ್ನೊಮ್ಮೆ ಅದುಮುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಎರಡು ಜಿಬಿಯವರೆಗೆ ಇದ್ದ ಹಾಗೆ ಹೋಗುತ್ತದೆ.

ತಂಗಿ ಕೇಳಿದ ಆಟದ ಮೊದಲ ಎರಡು ಸೀಡಿಗಳು ತಕರಾರಿಲ್ಲದೆ ಬಂದವು. ಮೂರನೆಯದನ್ನು ಕಿಟಕಿಗೆ ಹಿಡಿದು ನೋಡಿದೆ. ಹೆಸರಿನ ಬದಿಯಲ್ಲಿ ಮೆರುಗೆಣ್ಣೆ ಕಿತ್ತು, ಸೂಜಿಮೊನೆಯಷ್ಟು ತೂತುಗಳಿಂದ ಬೆಳಕು ತೂರಿ ಬರುತ್ತಿತ್ತು. ಹಟ ಬಿಡದೆ ಓದಿಸಿದೆ. ಹನ್ನೊಂದು ನಿಮಿಷ ಸಿಕ್ಕಿತು. ಕೊನೆಯ ಅರ್ಧ ನಿಮಿಷದಲ್ಲಿ ವೇಷದ ಮುಖ ಹಸಿರು ಚೌಕುಳಿಗಳಾಗಿ ಕರಗುತ್ತದೆ, ಭಾಗವತರ ಪದ ಮಾತ್ರ ಅಲ್ಲಲ್ಲಿ ಅಕ್ಷರ ನುಂಗುತ್ತ ಸ್ವಲ್ಪ ದೂರ ನಡೆದು ನಿಲ್ಲುತ್ತದೆ.

ಮೂರನ್ನೂ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ರಾತ್ರಿ ಒಂದಕ್ಕೆ ಅವಳ ಸಂದೇಶ: ‘ಇಷ್ಟೇ ಅಲ್ಲ ಅಣ್ಣ, ಇನ್ನೂ ಇತ್ತು. ಇದರ ಇನ್ನೊಂದು ಪ್ರತಿ ಕಾರ್ಕಳದ ಚಿಕ್ಕಪ್ಪನ ಮನೆಯಲ್ಲಿರಬೇಕು, ಕೇಳಿ ನೋಡು.’